ಕಲಿಕೆಯಲ್ಲಿ ಹಿಂದುಳಿದ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಸಮಾಜ ವಿಜ್ಞಾನ ಬೋಧನೆ

ಓದು, ಬರಹ ಮತ್ತು ಪರೀಕ್ಷೆಗಳಲ್ಲಿ ತರಗತಿಯ ಮಟ್ಟವನ್ನು ತಲುಪದ ಮಕ್ಕಳಿಗೆ ಸಮಾಜದ ತಿಳಿವಳಿಕೆಯನ್ನೂ ಪೌರತ್ವದ ಅರಿವನ್ನೂ ಮೂಡಿಸುವುದು ಈ ಬೋಧನೆಯ ಉದ್ದೇಶವಾಗಿದೆ. ಕರ್ನಾಟಕ ರಾಜ್ಯ ಪಠ್ಯಕ್ರಮದಲ್ಲಿ ಪ್ರೌಢಶಾಲಾ ಸಮಾಜ ವಿಜ್ಞಾನವು ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಮತ್ತು ವ್ಯವಹಾರ ಅಧ್ಯಯನ ಎಂಬ ಆರು ವಿಭಾಗಗಳನ್ನು ಒಳಗೊಂಡಿದೆ.

ಹಿನ್ನೆಲೆ

ಎಸ್.ಎಸ್.ಎಲ್.ಸಿ.ಯಲ್ಲಿ ಈ ವಿಷಯಕ್ಕೆ 80 ಅಂಕಗಳ ಲಿಖಿತ ಪರೀಕ್ಷೆಯೂ 20 ಅಂಕಗಳ ಆಂತರಿಕ ಮೌಲ್ಯಮಾಪನವೂ ಇವೆ. ಅನುತ್ತೀರ್ಣರಾಗುವ ಸಂಭವವಿರುವ ಮಕ್ಕಳಿಗೆ ಶಾಲೆಗಳು ವಿಶೇಷ ತರಗತಿ ನಡೆಸಿ, ಪದೇ ಪದೇ ಬರುವ ಪ್ರಶ್ನೆಗಳ ಸಂಗ್ರಹವಾದ ‘ಪಾಸಿಂಗ್ ಪ್ಯಾಕೇಜ್’ ಅಭ್ಯಾಸ ಮಾಡಿಸುವುದುಂಟು. ಇದರಿಂದ ಅಂಕಗಳು ದೊರೆಯಬಹುದು. ಆದರೆ ಮೂಲಭೂತ ಹಕ್ಕುಗಳನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಗೆ ಗ್ರಾಮಸಭೆಯಲ್ಲಿ ಪ್ರಶ್ನೆ ಕೇಳುವ ಬಗೆ ತಿಳಿಯದೆ ಹೋಗಬಹುದು. ಹತ್ತನೆಯ ತರಗತಿಯ ಮಕ್ಕಳು ಎರಡು ಮೂರು ವರ್ಷಗಳಲ್ಲಿ 18 ತುಂಬಿ ಮತದಾನಕ್ಕೆ ಅರ್ಹರಾಗುತ್ತಾರೆ. ಓದನ್ನು ಅಲ್ಲಿಗೇ ನಿಲ್ಲಿಸುವವರಿಗೆ ಪೌರತ್ವದ ಪಾಠ ಮತ್ತೆ ದೊರೆಯುವುದು ಅಪರೂಪ.

ಭಾಷೆಯ ತೊಡಕು

ಉಡುಪಿ ಜಿಲ್ಲೆಯ ಎರ್ಮಾಳ್ ಮೊದಲಾದ ಕರಾವಳಿ ಗ್ರಾಮಗಳಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿಯನ್ನು ಮನೆಮಾತಾಗಿ ಆಡುವ ಮಕ್ಕಳಿದ್ದಾರೆ. ಪಠ್ಯದ ‘ಸಾರ್ವಭೌಮತ್ವ’, ‘ವಿಕೇಂದ್ರೀಕರಣ’ ಮುಂತಾದ ಪದಗಳು ಅವರ ನಿತ್ಯದ ಮಾತಿನಲ್ಲಿ ಬರುವುದಿಲ್ಲ. ವಿಷಯ ತಿಳಿದಿದ್ದರೂ ಉತ್ತರ ಬರೆಯಲಾಗದ ಮಗುವನ್ನು ದಡ್ಡನೆಂದು ಭಾವಿಸುವ ಅಪಾಯ ಇಲ್ಲಿದೆ. ಆದುದರಿಂದ ಮೊದಲು ಮೌಖಿಕವಾಗಿ ಪ್ರಶ್ನಿಸಿ, ತೊಡಕು ಓದಿನಲ್ಲಿದೆಯೋ ಗ್ರಹಿಕೆಯಲ್ಲಿದೆಯೋ ಎಂದು ಗುರುತಿಸಬೇಕಾಗುತ್ತದೆ. ಪರಿಕಲ್ಪನೆಯನ್ನು ಮನೆಮಾತಿನಲ್ಲಿ ವಿವರಿಸಿ, ಬಳಿಕ ಕನ್ನಡದ ಪಾರಿಭಾಷಿಕ ಪದವನ್ನು ಪರಿಚಯಿಸುವುದು ಉಪಯುಕ್ತ.

ಬೋಧನಾ ಕ್ರಮ

ಪರಿಚಿತವಾದುದರಿಂದ ಅಪರಿಚಿತದೆಡೆಗೆ ಸಾಗುವುದು ಈ ಕ್ರಮದ ತಿರುಳು.

ಭೂಪಟ: ತೆಂಕ ಎರ್ಮಾಳ್, ಬಡಾ ಎರ್ಮಾಳ್ ಎಂಬ ಹೆಸರುಗಳಲ್ಲೇ ದಕ್ಷಿಣ ಮತ್ತು ಉತ್ತರ ದಿಕ್ಕುಗಳಿವೆ. ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟುಗಳೂ ಇದೇ ಬಗೆಯವು. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಊರಿನ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 66, ಉತ್ತರಕ್ಕೆ ಉಚ್ಚಿಲ, ದಕ್ಷಿಣಕ್ಕೆ ಪಡುಬಿದ್ರಿ ಇವುಗಳನ್ನು ಗುರುತಿಸಿದ ಮಗುವಿಗೆ ಭಾರತದ ಭೂಪಟ ಸುಲಭವಾಗುತ್ತದೆ.

ಆಡಳಿತ: ನಲ್ಲಿಯ ನೀರು, ಬೀದಿದೀಪ, ಮನೆ ತೆರಿಗೆಗಳಿಂದ ಆರಂಭಿಸಿ ಗ್ರಾಮ ಪಂಚಾಯತಿನ ಕಾರ್ಯಗಳನ್ನು ತಿಳಿಸಬಹುದು. ಕೆಟ್ಟ ಬೀದಿದೀಪದ ಬಗ್ಗೆ ಅರ್ಜಿ ಬರೆಸಿದರೆ ಪತ್ರಲೇಖನವೂ ಹಕ್ಕಿನ ಅರಿವೂ ಒಟ್ಟಿಗೆ ಬರುತ್ತವೆ.

ಬರವಣಿಗೆ: ಮೊದಲು ಹೇಳಿಸುವುದು, ಬಳಿಕ ಒಂದು ವಾಕ್ಯ, ಆಮೇಲೆ ಪೂರ್ಣ ಉತ್ತರ.

ಮಕ್ಕಳ ಭಾಗವಹಿಸುವಿಕೆ

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯು ಗ್ರಾಮಸಭೆಗೆ ಸಾಂವಿಧಾನಿಕ ಸ್ಥಾನ ನೀಡಿತು. ಅದೇ ದಶಕದಲ್ಲಿ ಕುಂದಾಪುರ ತಾಲೂಕಿನ ಕೆಲವು ಗ್ರಾಮಗಳಲ್ಲಿ ಮಕ್ಕಳೇ ತಮ್ಮ ಪ್ರತಿನಿಧಿಗಳನ್ನು ಆರಿಸುವ ‘ಮಕ್ಕಳ ಪಂಚಾಯತ್’ ಪ್ರಯೋಗ ನಡೆಯಿತು. ದುಡಿಯುವ ಮಕ್ಕಳೂ ಅದರಲ್ಲಿ ಭಾಗವಹಿಸಿದ್ದರು. ಈಗ ಕರ್ನಾಟಕದ ಗ್ರಾಮ ಪಂಚಾಯತ್‌ಗಳಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ. ಬರವಣಿಗೆಯಲ್ಲಿ ಹಿಂದುಳಿದ ಮಗುವೂ ಇಲ್ಲಿ ಶಾಲೆಯ ಶೌಚಾಲಯ, ರಸ್ತೆ, ಬಸ್ಸಿನ ಕುರಿತು ಮಾತನಾಡಬಹುದು.

ಮಿತಿಗಳು

ಪಾಠಗಳನ್ನು ಅವಧಿಯೊಳಗೆ ಮುಗಿಸುವ ಒತ್ತಡದಿಂದ ಇಂತಹ ಚಟುವಟಿಕೆಗಳಿಗೆ ಸಮಯ ದೊರೆಯುವುದು ಕಷ್ಟ. ಹತ್ತನೆಯ ತರಗತಿಯ ಕೊನೆಯ ತಿಂಗಳುಗಳವರೆಗೆ ಕಾಯದೆ, ಎಂಟನೆಯ ತರಗತಿಯಿಂದಲೇ ಪರಿಹಾರ ಬೋಧನೆ ಆರಂಭಿಸಿದರೆ ಈ ತೊಂದರೆ ಕಡಿಮೆಯಾಗುತ್ತದೆ.