ಅರ್ಧ ಓದಿದ ಸಂಶೋಧನೆಗಳು: ಕ್ಷಯದ ಚಿಕಿತ್ಸೆಯ ಏಳು ದಶಕ

ಕ್ಷಯರೋಗದ ಚರಿತ್ರೆಯನ್ನು ಸಾಮಾನ್ಯವಾಗಿ ಔಷಧಿಗಳ ಚರಿತ್ರೆಯಾಗಿ ಹೇಳುವುದು ರೂಢಿ. 1882ರಲ್ಲಿ ರಾಬರ್ಟ್ ಕಾಖ್ ರೋಗಾಣುವನ್ನು ಗುರುತಿಸಿದರು, 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು, 1952ರಲ್ಲಿ ಐಸೋನಯಜಿಡ್ ಮಾತ್ರೆ ಬಂತು, ಅಲ್ಲಿಂದ ಮುಂದೆ ರೋಗ ವಾಸಿಯಾಗತೊಡಗಿತು ಎಂಬುದು ಆ ಕಥೆಯ ಧಾಟಿ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮಾತ್ರೆ ಬಂದು ಎಪ್ಪತ್ತು ವರ್ಷ ಕಳೆದ ಮೇಲೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಭಾರತದವರೇ ಏಕೆ ಎಂಬ ಪ್ರಶ್ನೆಗೆ ಈ ಕಥೆಯಲ್ಲಿ ಉತ್ತರವಿಲ್ಲ. ಉತ್ತರ ಹುಡುಕಬೇಕಾದರೆ 1950 ಮತ್ತು 60ರ ದಶಕಗಳಲ್ಲಿ ಮದ್ರಾಸು, ಬೆಂಗಳೂರು ಮತ್ತು ತುಮಕೂರಿನಲ್ಲಿ ನಡೆದ ಸಂಶೋಧನೆಗಳನ್ನು ಮತ್ತೆ ತೆರೆದು ನೋಡಬೇಕು. ಅವು ಜಗತ್ತೇ ತಲೆದೂಗಿದ ಕೆಲಸಗಳು, ಇವತ್ತಿಗೂ ನಿಲ್ಲುವ ಕೆಲಸಗಳು. ತಪ್ಪಿದ್ದು ಅವುಗಳನ್ನು ಬಳಸಿಕೊಂಡ ರೀತಿಯಲ್ಲಿ. ಪ್ರತಿ ಸಲವೂ ಆಡಳಿತ ಸಂಶೋಧನೆಯ ಫಲದಲ್ಲಿ ಅಗ್ಗವಾದ ಅರ್ಧವನ್ನು ಎತ್ತಿಕೊಂಡಿತು, ಖರ್ಚು ಬೇಡುವ ಅರ್ಧವನ್ನು ಹಾಗೇ ಬಿಟ್ಟಿತು. ಕ್ಷಯ ಇನ್ನೂ ನಮ್ಮಲ್ಲಿ ಬೇರುಬಿಟ್ಟು ಕೂತಿರುವುದಕ್ಕೆ ಈ ಅರ್ಧ ಓದೂ ಒಂದು ದೊಡ್ಡ ಕಾರಣ.

ಔಷಧಿಗೂ ಹಿಂದಿನ ಕಾಲದಲ್ಲಿ ಕ್ಷಯಕ್ಕಿದ್ದ ಚಿಕಿತ್ಸೆಯೆಂದರೆ ಸ್ಯಾನಿಟೋರಿಯಂ. ಒಳ್ಳೆಯ ಗಾಳಿ, ತಿಂಗಳುಗಟ್ಟಲೆ ವಿಶ್ರಾಂತಿ, ಹಾಲು, ಮೊಟ್ಟೆ, ಮಾಂಸ. 1906ರಲ್ಲಿ ಅಜ್ಮೀರದ ಬಳಿಯ ತಿಲೋನಿಯಾದಲ್ಲಿ ಮಿಷನರಿಗಳು ಕಟ್ಟಿದ ಸ್ಯಾನಿಟೋರಿಯಂ ಭಾರತಕ್ಕೆ ಮೊದಲನೆಯದು. ಮದನಪಲ್ಲಿಯ ಆರೋಗ್ಯವರಂ ಆಮೇಲೆ ಬಂತು. ಮೈಸೂರಿನಲ್ಲಿ ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಎದ್ದು ನಿಂತ ಪಿ.ಕೆ. ಸ್ಯಾನಿಟೋರಿಯಂ ಈಗಲೂ ಅದೇ ಹೆಸರಿನಲ್ಲಿದೆ. ಅರಮನೆಯನ್ನೂ ಬಿಡದ ಕಾಯಿಲೆ ಗುಡಿಸಲನ್ನು ಹೇಗೆ ಕಾಡಿರಬೇಕೆಂದು ಊಹಿಸುವುದು ಕಷ್ಟವಲ್ಲ. 1946ರ ಭೋರ್ ಸಮಿತಿ ದೇಶದಲ್ಲಿ ಸುಮಾರು 25 ಲಕ್ಷ ಸಕ್ರಿಯ ಕ್ಷಯರೋಗಿಗಳಿದ್ದಾರೆ, ವರ್ಷಕ್ಕೆ ಸುಮಾರು 5 ಲಕ್ಷ ಜನ ಸಾಯುತ್ತಿದ್ದಾರೆ ಎಂದು ಅಂದಾಜು ಮಾಡಿತು. ಅವರಿಗೆಲ್ಲ ಸೇರಿ ಇದ್ದ ಹಾಸಿಗೆಗಳು ಹೆಚ್ಚುಕಡಿಮೆ 6,000. ಹತ್ತು ವರ್ಷದ ನಂತರ ನಡೆದ ರಾಷ್ಟ್ರೀಯ ಸಮೀಕ್ಷೆ ಇನ್ನೊಂದು ನಂಬಿಕೆಯನ್ನೂ ಅಳಿಸಿತು: ಕ್ಷಯ ಪಟ್ಟಣದ ಕಿಕ್ಕಿರಿದ ಕೇರಿಗಳ ಕಾಯಿಲೆಯೆಂದು ತಿಳಿದಿದ್ದರೆ, ಹಳ್ಳಿಗಳಲ್ಲೂ ಅದು ಹತ್ತಿರಹತ್ತಿರ ಅಷ್ಟೇ ಹರಡಿತ್ತು. ಅಷ್ಟೊಂದು ಜನರಿಗೆ ಸ್ಯಾನಿಟೋರಿಯಂ ಕಟ್ಟುವುದು ಯಾವ ಸರ್ಕಾರಕ್ಕೂ ಆಗುವ ಮಾತಾಗಿರಲಿಲ್ಲ.

ಈ ಒತ್ತಡದಲ್ಲೇ 1956ರಲ್ಲಿ ಮದ್ರಾಸಿನಲ್ಲಿ ಕ್ಷಯ ಔಷಧಿ ಚಿಕಿತ್ಸಾ ಕೇಂದ್ರ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಇದರ ಹಿಂದಿದ್ದವು. ಕೇಂದ್ರದ ಚುಕ್ಕಾಣಿ ವಾಲೇಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯರ ಕೈಯಲ್ಲಿತ್ತು. ಕೇಂದ್ರದ ಮುಂದಿದ್ದ ಪ್ರಶ್ನೆ ಸರಳ: ಒಂದೇ ಔಷಧಿಯನ್ನು ಸ್ಯಾನಿಟೋರಿಯಂನಲ್ಲಿ ಕೊಟ್ಟರೂ ರೋಗಿಯ ಮನೆಯಲ್ಲಿ ಕೊಟ್ಟರೂ ಗುಣದಲ್ಲಿ ವ್ಯತ್ಯಾಸ ಬರುತ್ತದೆಯೇ? ನಗರದ ಬಡ ಕೇರಿಗಳಿಂದ ಬಂದ 193 ರೋಗಿಗಳನ್ನು ಆರಿಸಿ, ಯಾರು ಮನೆಗೆ, ಯಾರು ಸ್ಯಾನಿಟೋರಿಯಂಗೆ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಯಾದೃಚ್ಛಿಕವಾಗಿ ಹಂಚಿದರು. ಎರಡೂ ಗುಂಪಿಗೆ ಹನ್ನೆರಡು ತಿಂಗಳು ಐಸೋನಯಜಿಡ್ ಮತ್ತು ಪಿ.ಎ.ಎಸ್. ಎಂಬ ಇನ್ನೊಂದು ಔಷಧಿ. ಮನೆಯಲ್ಲಿದ್ದವರ ಊಟ ತೆಳು, ಕೋಣೆ ಇಕ್ಕಟ್ಟು, ಎಷ್ಟೋ ಮಂದಿ ಕೆಲಸಕ್ಕೂ ಹೋಗುತ್ತಿದ್ದರು. ಸ್ಯಾನಿಟೋರಿಯಂನವರಿಗೆ ಮಂಚ, ವಿಶ್ರಾಂತಿ, ಪುಷ್ಟಿಯ ಊಟ. 1959ರಲ್ಲಿ ವರದಿ ಬಂದಾಗ ಸ್ಯಾನಿಟೋರಿಯಂ ಗುಂಪಿನಲ್ಲಿ ಶೇ. 92 ಮಂದಿಯ ರೋಗ ಶಮನಗೊಂಡಿತ್ತು, ಮನೆಯ ಗುಂಪಿನಲ್ಲಿ ಶೇ. 86. ಅಂಥ ಪರಿಸ್ಥಿತಿಯಲ್ಲಿ ಇಷ್ಟು ಹತ್ತಿರದ ಫಲಿತಾಂಶವನ್ನು ಯಾರೂ ನಿರೀಕ್ಷಿಸಿರಲಿಲ್ಲ. ರೋಗಿ ಮನೆಯಲ್ಲೇ ಇದ್ದರೆ ಮಕ್ಕಳುಮರಿಗೆ ರೋಗ ಹೆಚ್ಚು ಹರಡೀತೆಂಬ ಭಯವೂ ನಿಜವಾಗಲಿಲ್ಲ. ಔಷಧಿ ಶುರುವಾಗುವ ಮೊದಲೇ ಹರಡಬೇಕಾದಷ್ಟು ಹರಡಿರುತ್ತದೆ, ಔಷಧಿ ಶುರುವಾದ ಮೇಲೆ ಅಪಾಯ ಬೇಗ ಇಳಿಯುತ್ತದೆ ಎಂಬ ತಿಳಿವಳಿಕೆ ಅಲ್ಲಿಂದ ಬಲವಾಯಿತು. ಸ್ಯಾನಿಟೋರಿಯಂ ಯುಗ ಮುಗಿಯಿತು. ನಮ್ಮಲ್ಲಷ್ಟೇ ಏಕೆ, ಶ್ರೀಮಂತ ದೇಶಗಳಲ್ಲೂ ಅವುಗಳ ಬಾಗಿಲು ಒಂದೊಂದಾಗಿ ಮುಚ್ಚಿತು.

ಈಗ ಈ ಫಲಿತಾಂಶದ ಒಳಗೆ ಏನಿತ್ತು ನೋಡೋಣ. ಮದ್ರಾಸಿನ ಮನೆಯ ಗುಂಪು ಮನೆಯಲ್ಲಿತ್ತೇ ಹೊರತು ಅದನ್ನು ಅದರ ಪಾಡಿಗೆ ಬಿಟ್ಟಿರಲಿಲ್ಲ. ರೋಗಿಗಳು ನಿಗದಿಯಾದ ದಿನ ಕೇಂದ್ರಕ್ಕೆ ಬಂದು ಔಷಧಿ ಒಯ್ಯುತ್ತಿದ್ದರು, ಬಾರದವರನ್ನು ಸಿಬ್ಬಂದಿ ಹುಡುಕಿಕೊಂಡು ಹೋಗುತ್ತಿದ್ದರು. ಮುನ್ಸೂಚನೆಯಿಲ್ಲದೆ ಮನೆಗೆ ಭೇಟಿ ಕೊಟ್ಟು ಮಾತ್ರೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷೆ ಮಾಡಿ ಔಷಧಿ ಹೊಟ್ಟೆಗೆ ಹೋಗಿದೆಯೇ ಎಂದು ತಿಳಿಯುತ್ತಿದ್ದರು. ಮೈ ಸ್ವಲ್ಪ ಚೇತರಿಸಿದ ಕೂಡಲೇ ಮಾತ್ರೆ ಬಿಟ್ಟುಬಿಡುವುದು ಮನುಷ್ಯಸಹಜ ಎಂಬುದನ್ನು ಫಾಕ್ಸ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಚೆನ್ನಾಗಿ ಅರಿತಿದ್ದರು. ಅದಕ್ಕೇ ವಾರಕ್ಕೆ ಎರಡು ಸಲ ಕಣ್ಣೆದುರಿನಲ್ಲೇ ಔಷಧಿ ಕೊಡುವ ಕ್ರಮವನ್ನು 1960ರ ದಶಕದ ಮೊದಲ ವರ್ಷಗಳಲ್ಲೇ ಪರೀಕ್ಷಿಸಿ, ಅದು ಫಲಕಾರಿ ಎಂದು ತೋರಿಸಿದರು. ಶೇ. 86 ಎಂಬ ಅಂಕಿ ಮನೆ ಮತ್ತು ಈ ಕಾಳಜಿ ಎರಡೂ ಸೇರಿ ದುಡಿದ ಅಂಕಿ. ಮನೆಗೆ ಖರ್ಚಿಲ್ಲ, ಕಾಳಜಿಗೆ ಸಂಬಳ ಬೇಕು, ಸೈಕಲ್ಲು ಬೇಕು, ಜನ ಬೇಕು.

ಎರಡನೆಯ ಸಂಶೋಧನೆ ನಮ್ಮ ನೆಲದ್ದು. 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಮೈಸೂರು ಮಹಾರಾಜರಿಗೆ ಸೇರಿದ್ದ ಅವಲಾನ್ ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ನೆಹರೂ ಅದನ್ನು ಉದ್ಘಾಟಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಹಾಫ್ಡನ್ ಮಾಹ್ಲರ್ ಆ ದಿನಗಳಲ್ಲಿ ಇಲ್ಲೇ ಕೆಲಸ ಮಾಡುತ್ತಿದ್ದರು. ಅದೇ ಸಂಸ್ಥೆಯ ಸಂಶೋಧಕರಾದ ಡೆಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಅದುವರೆಗೆ ಯಾರೂ ಕೇಳದ ಪ್ರಶ್ನೆ ಕೇಳಿದರು: ಕ್ಷಯವಿರುವ ಹಳ್ಳಿಗನಿಗೆ ತನ್ನ ಮೈಯಲ್ಲಿ ಏನೋ ಸರಿಯಿಲ್ಲವೆಂದು ಗೊತ್ತಿದೆಯೇ? ಗೊತ್ತಿದ್ದರೆ ಏನು ಮಾಡಿದ್ದಾನೆ? ಹಳ್ಳಿಗರು ಅಜ್ಞಾನಿಗಳು, ಕಾಯಿಲೆಯನ್ನು ಲೆಕ್ಕಿಸುವುದಿಲ್ಲ, ಎಕ್ಸ್‌ರೇ ವ್ಯಾನು ಊರೂರಿಗೆ ಹೋಗಿ ಅವರನ್ನು ಹಿಡಿಯಬೇಕು ಎಂಬ ಅಭಿಪ್ರಾಯ ಆಗ ಗಟ್ಟಿಯಾಗಿತ್ತು. 1963ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ಕಫದಲ್ಲಿ ರೋಗಾಣುವಿದ್ದವರ ಪೈಕಿ ಹೆಚ್ಚುಕಡಿಮೆ ಎಲ್ಲರಿಗೂ ಲಕ್ಷಣಗಳ ಅರಿವಿತ್ತು, ಸುಮಾರು ಮುಕ್ಕಾಲು ಭಾಗ ಅದರ ಬಗ್ಗೆ ಚಿಂತಿತರಾಗಿದ್ದರು, ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಆಸ್ಪತ್ರೆಯ ಕಡೆ ಹೋಗಿದ್ದರು. ಅಲ್ಲಿ ಅವರ ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ರೋಗಿ ಬಾಗಿಲಿಗೆ ಬಂದಿದ್ದ, ವ್ಯವಸ್ಥೆ ಅವನ ಕಫವನ್ನು ಪರೀಕ್ಷಿಸದೆ ಹಿಂದಕ್ಕೆ ಕಳಿಸಿತ್ತು.

ಈ ಎರಡು ಅಧ್ಯಯನಗಳ ಬುನಾದಿಯ ಮೇಲೆ 1962ರಿಂದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ರೂಪುಗೊಂಡಿತು. ಜಿಲ್ಲೆಗೊಂದು ಕ್ಷಯ ಕೇಂದ್ರ, ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ, ಮನೆಯಲ್ಲೇ ಔಷಧಿ. ಕಾಗದದ ಮೇಲೆ ಇದಕ್ಕಿಂತ ವಿವೇಕದ ಯೋಜನೆ ಬೇರೆ ಇರಲಿಲ್ಲ. ಆದರೆ ಕಾರ್ಯರೂಪಕ್ಕೆ ಬರುವಾಗ ಮದ್ರಾಸಿನಿಂದ ಮನೆ ಬಂತು, ಹುಡುಕಿಕೊಂಡು ಬರುವ ಸಿಬ್ಬಂದಿ ಬರಲಿಲ್ಲ. ತುಮಕೂರಿನಿಂದ ರೋಗಿ ತಾನಾಗಿ ಬರುತ್ತಾನೆ ಎಂಬ ಮಾತು ಬಂತು, ಬಂದವನ ಕಫ ನೋಡುವ ಸೂಕ್ಷ್ಮದರ್ಶಕವೂ ತಂತ್ರಜ್ಞನೂ ಸಾಕಷ್ಟು ಬರಲಿಲ್ಲ. ಔಷಧಿ ಪೂರೈಕೆ ನಡುನಡುವೆ ನಿಲ್ಲುತ್ತಿತ್ತು. ಮೂವತ್ತು ವರ್ಷದ ನಂತರ, 1992ರಲ್ಲಿ ಕಾರ್ಯಕ್ರಮವನ್ನು ಪರಿಶೀಲಿಸಿದಾಗ ಚಿಕಿತ್ಸೆ ಮುಗಿಸುತ್ತಿದ್ದವರು ಅರ್ಧಕ್ಕಿಂತಲೂ ಕಡಿಮೆ ಎಂದು ಕಂಡುಬಂತು. ಆಮೇಲೆ ಬಂದ ಪರಿಷ್ಕೃತ ಕಾರ್ಯಕ್ರಮದ ಮುಖ್ಯ ಅಂಶ ಕಣ್ಣೆದುರಿನಲ್ಲಿ ಔಷಧಿ ನುಂಗಿಸುವ ಡಾಟ್ಸ್ ಪದ್ಧತಿ. ಹೊರಗಿನ ಹೊಸ ಸೂತ್ರವೆಂಬಂತೆ ಬಂದ ಅದರ ಬೇರು ಮೂರು ದಶಕದ ಹಿಂದೆ ಮದ್ರಾಸಿನಲ್ಲೇ ಇತ್ತು. ಬಡ ದೇಶ, ಹಣವಿರಲಿಲ್ಲ, ಇದ್ದುದರಲ್ಲಿ ಮಾಡಿದರು ಎಂದು ಇದಕ್ಕೆ ಸಮಾಧಾನ ಹೇಳುವವರಿದ್ದಾರೆ. ಹಣ ಕಡಿಮೆಯಿದ್ದದ್ದು ನಿಜ. ಆದರೆ ಅರ್ಧಕ್ಕೆ ನಿಂತ ಚಿಕಿತ್ಸೆ ಅಗ್ಗವೇನೂ ಅಲ್ಲ. ಮಾತ್ರೆ ನಡುವೆ ಬಿಟ್ಟವನಲ್ಲಿ ರೋಗ ಮರುಕಳಿಸುತ್ತದೆ, ರೋಗಾಣು ಔಷಧಿಗೆ ಬಗ್ಗದಂತಾಗುತ್ತದೆ, ಅಂಥ ರೋಗವೇ ಇನ್ನೊಬ್ಬರಿಗೂ ಹರಡುತ್ತದೆ. ಅಂದು ಉಳಿಸಿದ ಹಣಕ್ಕೆ ಮುಂದಿನ ತಲೆಮಾರು ಬಡ್ಡಿ ಕಟ್ಟಿತು.

ಮದ್ರಾಸಿನ ಅಧ್ಯಯನದಿಂದ ಇನ್ನೊಂದು ಅರ್ಥವನ್ನೂ ಎಳೆದುಕೊಂಡರು. ಇದು ಹೆಚ್ಚು ಸೂಕ್ಷ್ಮವಾದ ತಪ್ಪು. ಮನೆಯ ಗುಂಪಿನವರು ಕಡಿಮೆ ಉಂಡರೂ ಹೆಚ್ಚುಕಡಿಮೆ ಅಷ್ಟೇ ಗುಣವಾದರು. ಪುಷ್ಟಿಯ ಊಟವಿಲ್ಲದೆಯೂ ಔಷಧಿ ಕೆಲಸ ಮಾಡುತ್ತದೆ ಎಂದು ಅಧ್ಯಯನಕಾರರು ಬರೆದರು. ಅವರು ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರ. ಆದರೆ ಕಾಲ ಕಳೆದಂತೆ ಅದು ಕ್ಷಯಕ್ಕೂ ಊಟಕ್ಕೂ ಸಂಬಂಧವಿಲ್ಲ ಎಂಬ ಮಾತಾಗಿ ಬೆಳೆಯಿತು. ಹಸಿದವನಿಗೆ ಕ್ಷಯ ಹತ್ತುವುದು ಹೆಚ್ಚೇ, ಅವನ ಮನೆಯವರಿಗೆ ಹತ್ತುವುದು ಹೆಚ್ಚೇ, ತೀರಾ ಸೊರಗಿದ ರೋಗಿ ಔಷಧಿ ಶುರುವಾದ ಮೊದಲ ವಾರಗಳಲ್ಲೇ ಸಾಯುವುದು ಹೆಚ್ಚೇ ಎಂಬ ಪ್ರಶ್ನೆಗಳನ್ನು ಆ 193 ಜನರ ಅಧ್ಯಯನ ಕೇಳಿರಲೇ ಇಲ್ಲ. ಕೇಳದ ಪ್ರಶ್ನೆಗೆ ಉತ್ತರ ಸಿಕ್ಕಿದೆಯೆಂದು ಭಾವಿಸಿ ಆರು ದಶಕ ಕ್ಷಯದ ಕಾರ್ಯಕ್ರಮದಿಂದ ಅನ್ನವನ್ನು ಹೊರಗಿಟ್ಟೆವು.

ಆ ಪ್ರಶ್ನೆಗಳನ್ನು ಕಟ್ಟುನಿಟ್ಟಾಗಿ ಕೇಳಿದ್ದು ರೇಷನ್ಸ್ ಎಂಬ ಪ್ರಯೋಗ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಇದರ ಮುಂದಾಳುಗಳು. ಮದ್ರಾಸಿನ ಆ ಹಳೆಯ ಕೇಂದ್ರವೇ ಬೆಳೆದು ಆದ ಚೆನ್ನೈನ ಸಂಸ್ಥೆಯ ಸಂಶೋಧಕರೂ ಕೈಜೋಡಿಸಿದ್ದರು. ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ಕ್ಷಯರೋಗಿಗಳು, ಅವರೊಡನೆ ಒಂದೇ ಸೂರಿನಡಿ ಬಾಳುವ 10,345 ಮಂದಿ ಇದರಲ್ಲಿದ್ದರು. ರೋಗಿಗಳಿಗೆಲ್ಲ ತಿಂಗಳಿಗೆ 10 ಕಿಲೋ ಆಹಾರದ ಬುಟ್ಟಿ ಕೊಟ್ಟರು. ಅರ್ಧದಷ್ಟು ಕಡೆ ಮನೆಯ ಉಳಿದವರಿಗೂ ತಲೆಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಸೂಕ್ಷ್ಮ ಪೋಷಕಾಂಶಗಳ ಮಾತ್ರೆ ಸಿಕ್ಕಿತು. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಪಡಿತರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಹತ್ತುವುದು ಶೇ. 39ರಷ್ಟು ಕಡಿಮೆಯಾಯಿತು, ಪರೀಕ್ಷೆಯಲ್ಲಿ ದೃಢಪಟ್ಟ ಶ್ವಾಸಕೋಶದ ಕ್ಷಯ ಶೇ. 48ರಷ್ಟು. ಮೊದಲ ಎರಡು ತಿಂಗಳಲ್ಲಿ ಶೇ. 5ರಷ್ಟು ತೂಕ ಏರಿಸಿಕೊಂಡ ರೋಗಿಗಳಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಕಂಡಿತು. ಅಕ್ಕಿಬೇಳೆ ಲಸಿಕೆಯಂತೆ ಕೆಲಸ ಮಾಡಿತ್ತು.

ಇದಕ್ಕೆ ಬರುವ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ರೋಗಿಗಳಿಗೆಲ್ಲ ಆಹಾರ ಕೊಟ್ಟಿದ್ದರಿಂದ ಅವರಲ್ಲಿ ಹೋಲಿಕೆಯ ಗುಂಪಿರಲಿಲ್ಲ. ಔಷಧಿಗೆ ಚೆನ್ನಾಗಿ ಸ್ಪಂದಿಸಿದವರ ತೂಕವೇ ಏರಿತೆಂದು ವಾದಿಸಬಹುದು, ಆ ವಾದಕ್ಕೆ ಎಡೆಯಿದೆ. ಆದರೆ ಮನೆಯವರ ವಿಷಯದಲ್ಲಿ ಹಂಚಿಕೆ ಯಾದೃಚ್ಛಿಕವಾಗಿಯೇ ನಡೆದಿತ್ತು. ಶೇ. 39 ಎಂಬುದನ್ನು ಹಾಗೆ ಪಕ್ಕಕ್ಕಿಡಲು ಬರುವುದಿಲ್ಲ. ಜಾರ್ಖಂಡಿನಷ್ಟು ಹಸಿವಿಲ್ಲದ ಕಡೆ ಲಾಭ ಇಷ್ಟಿರಲಾರದು ಎಂಬುದು ಇನ್ನೊಂದು ಮಾತು. ಇರಬಹುದು. ಆದರೆ ಕ್ಷಯ ಹೆಚ್ಚಾಗಿ ಬೀಡುಬಿಡುವುದು ಹಸಿವಿರುವ ಕಡೆಯೇ. ವೆಚ್ಚದ ಪ್ರಶ್ನೆಗೂ ಪ್ರಯೋಗದಲ್ಲೇ ಲೆಕ್ಕವಿದೆ: ಸುಮಾರು 30 ಮನೆಗಳಿಗೆ ಪಡಿತರ ಕೊಟ್ಟರೆ ಒಂದು ಕ್ಷಯವನ್ನು ತಡೆಯಬಹುದು. ಹಾಗೆಂದು ಮದ್ರಾಸಿನ ಅಧ್ಯಯನವೇ ತಪ್ಪೆಂದು ತೀರ್ಮಾನಿಸುವುದೂ ಅನ್ಯಾಯ. ಎಲ್ಲರಿಗೂ ಹಾಲು ಮೊಟ್ಟೆ ಸಿಗುವವರೆಗೆ ಔಷಧಿ ಬೇಡವೆಂದಿದ್ದರೆ ಲಕ್ಷಾಂತರ ಜನ ಕಾಯುತ್ತಲೇ ಸಾಯುತ್ತಿದ್ದರು. ಊಟವಿಲ್ಲದವನಿಗೂ ಔಷಧಿಯ ಹಕ್ಕಿದೆ ಎಂದು ಆ ಅಧ್ಯಯನ ಸಾಧಿಸಿತು. ಔಷಧಿ ಸಿಕ್ಕವನಿಗೆ ಊಟ ಬೇಡ ಎಂದು ಅದು ಹೇಳಲಿಲ್ಲ.

ರೇಷನ್ಸ್ ಪ್ರಯೋಗಕ್ಕೂ ಅದೇ ಗತಿ ಬರುವ ಭಯ ಈಗಲೇ ಇದೆ. 2018ರಿಂದ ನಿಕ್ಷಯ್ ಪೋಷಣ್ ಯೋಜನೆಯಡಿ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1,000 ರೂಪಾಯಿಯಾಗಿದೆ. ಇದು ಸ್ವಾಗತಾರ್ಹ ಹೆಜ್ಜೆ. ಆದರೆ ಸಂಶೋಧನೆಯಲ್ಲಿ ರೋಗ ತಡೆದದ್ದು ಮನೆಯ ಪ್ರತಿಯೊಬ್ಬರಿಗೂ ತಲುಪಿದ ಧಾನ್ಯ. ಮನೆಯವರಿಗೆ ಆಹಾರದ ಬುಟ್ಟಿ ಕೊಡುವ ಕೆಲಸವನ್ನು ಸದ್ಯ ನಿಕ್ಷಯ್ ಮಿತ್ರರೆಂಬ ದಾನಿಗಳ ಒಳ್ಳೆಯತನಕ್ಕೆ ಒಪ್ಪಿಸಲಾಗಿದೆ. ದಾನಿ ಸಿಕ್ಕ ಊರಲ್ಲಿ ಬುಟ್ಟಿ ಬರುತ್ತದೆ, ಸಿಗದ ಊರಲ್ಲಿ ಇಲ್ಲ. ಐಸೋನಯಜಿಡ್ ಮಾತ್ರೆಯನ್ನು ನಾವು ದಾನಿಗಳಿಗೆ ಬಿಟ್ಟಿಲ್ಲ, ಅದು ಸರ್ಕಾರದ ಹೊಣೆ. ಅದೇ ದರ್ಜೆಯ ಪುರಾವೆಯುಳ್ಳ ಅಕ್ಕಿಬೇಳೆಗೆ ಬೇರೆ ನ್ಯಾಯವೇಕೆ? ಪ್ರತಿ ಊರಿಗೂ ನ್ಯಾಯಬೆಲೆ ಅಂಗಡಿಯಿದೆ, ಕಾರ್ಡಿದೆ, ಲೆಕ್ಕದ ಪುಸ್ತಕವಿದೆ. ಕ್ಷಯ ಪತ್ತೆಯಾದ ಮನೆಯ ಕಾರ್ಡಿಗೆ ಚಿಕಿತ್ಸೆಯ ಅವಧಿಯುದ್ದಕ್ಕೂ ತಲೆಗೆ ಒಂದೂವರೆ ಕಿಲೋ ಬೇಳೆಯನ್ನೂ ಹೆಚ್ಚುವರಿ ಅಕ್ಕಿಯನ್ನೂ ಸೇರಿಸಲು ಹೊಸ ಇಲಾಖೆ ಬೇಕಿಲ್ಲ. ಮದ್ರಾಸಿನಲ್ಲಿ ಕಾಳಜಿಯನ್ನು, ತುಮಕೂರಿನಲ್ಲಿ ಸೂಕ್ಷ್ಮದರ್ಶಕವನ್ನು ಬಿಟ್ಟು ಬಂದದ್ದಕ್ಕೆ ಮೂವತ್ತು ವರ್ಷ ತೆತ್ತಿದ್ದೇವೆ. ಈ ಸಲ ಫಲಿತಾಂಶವನ್ನು ಪೂರ್ತಿ ಓದಿ, ಪೂರ್ತಿ ಜಾರಿಗೆ ತರಬೇಕು.