ಅಗ್ಗದ ಚಿಪ್, ದುಬಾರಿ ಬಾಗಿಲು

ಗ್ರಾಂಟ್ ರೋಡ್ ನಿಲ್ದಾಣದ ಪೂರ್ವಕ್ಕಿಳಿದು ತುಸು ನಡೆದರೆ ಲ್ಯಾಮಿಂಗ್ಟನ್ ರಸ್ತೆ. 1903ರಿಂದ 1907ರವರೆಗೆ ಮುಂಬಯಿಯ ಗವರ್ನರಾಗಿದ್ದವನ ಹೆಸರು ಅದು. ಫಲಕಗಳಲ್ಲಿ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗವೆಂದಿದ್ದರೂ ಜನರ ಬಾಯಲ್ಲಿ ಉಳಿದಿರುವುದು ಹಳೆಯ ಹೆಸರೇ. ನಗರದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಿಡಿಭಾಗಗಳಿಗಾಗಿ ಅಲೆಯುವ ಬೀದಿಯಿದು. ಸಾಹಿತ್ಯ ಓದಿದ ನಾನು ಇಲ್ಲಿಗೆ ಹೋದದ್ದು ಅಕ್ಕನ ಮಗನ ಪ್ರಾಜೆಕ್ಟಿನ ನೆಪದಲ್ಲಿ.

ಒಂದು ಕಾಲಕ್ಕೆ ಮೈಕ್ರೋಕಂಟ್ರೋಲರನ್ನು ಕಂಪ್ಯೂಟರಿಗೆ ಜೋಡಿಸುವುದು ಸುಲಭವಾಗಿತ್ತು. ಸೀರಿಯಲ್ ಪೋರ್ಟಿಗೆ ಒಂದು ಕೇಬಲ್, ಕೆಲವು ಸಾಲುಗಳ ಪ್ರೋಗ್ರಾಂ ಇದ್ದರೆ ಸಾಕಿತ್ತು. 1996ರಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿ ಬಂತು. ಬಡೋದೆಯಲ್ಲಿ ಓದಿ ಇಂಟೆಲ್ ಸೇರಿದ್ದ ಅಜಯ್ ಭಟ್ಟರು ಅದರ ರೂವಾರಿಗಳಲ್ಲೊಬ್ಬರು. ಬಳಸುವವರಿಗೆ ಅದು ವರದಾನವಾಯಿತು. ಸಾಧನ ಕಟ್ಟುವವರಿಗೆ ಮಾತ್ರ ಹೊರೆಯಾಯಿತು. ಸಾಧನವು ತಾನಾರೆಂದು ಕಂಪ್ಯೂಟರಿಗೆ ಹೇಳಿಕೊಳ್ಳಬೇಕು, ಕೇಳಿದ್ದಕ್ಕೆ ನಿಗದಿತ ಕಾಲದೊಳಗೆ ಉತ್ತರಿಸಬೇಕು. ಈ ಸಂಭಾಷಣೆಯ ತಂತ್ರಾಂಶವನ್ನು ಹೊರದೇಶದ ಕಂಪನಿಗಳು ಡಾಲರ್ ಲೆಕ್ಕದಲ್ಲಿ ಮಾರುತ್ತಿದ್ದವು. ತಯಾರಕನ ಗುರುತಿನ ಸಂಖ್ಯೆಯೊಂದನ್ನು ಪಡೆಯಲು ಯುಎಸ್‌ಬಿ ಒಕ್ಕೂಟಕ್ಕೆ ಇಂದು ತೆರಬೇಕಾದುದು 6,000 ಡಾಲರ್. ಚಿಪ್ಪಿನ ಬೆಲೆಯಾದರೋ ನೂರು ರೂಪಾಯಿಯ ಆಸುಪಾಸು!

ಈ ಬಾಗಿಲನ್ನು ತೆರೆದವರು ದೂರದ ಕೆಲವರು. ಆಸ್ಟ್ರಿಯಾದ ಆಬ್ಜೆಕ್ಟಿವ್ ಡೆವಲಪ್‌ಮೆಂಟ್ ಸಂಸ್ಥೆ ರಚಿಸಿದ ವಿ-ಯುಎಸ್‌ಬಿ, ಯುಎಸ್‌ಬಿಯ ಸೌಲಭ್ಯವೇ ಇಲ್ಲದ ಅಗ್ಗದ ಎವಿಆರ್ ಚಿಪ್‌ಗಳಿಗೂ ತಂತ್ರಾಂಶದ ಬಲದಿಂದಲೇ ಆ ಭಾಷೆಯನ್ನು ಕಲಿಸಿತು. ವೇಗ ಸೆಕೆಂಡಿಗೆ 15 ಲಕ್ಷ ಬಿಟ್. ತಮ್ಮ ಕೃತಿಯನ್ನೂ ಜಿಪಿಎಲ್ ಪರವಾನಗಿಯಡಿ ತೆರೆದಿಡುವವರಿಗೆ ಅದು ಉಚಿತ, ಮುಚ್ಚಿಟ್ಟು ಮಾರುವವರು ಹಣ ಕೊಡಬೇಕು. ಗುರುತಿನ ಸಂಖ್ಯೆಗಳನ್ನೂ ಅವರು ಹಂಚಿಕೊಂಡರು. ಅದನ್ನೇ ಆಧರಿಸಿ ಥಾಮಸ್ ಫಿಶ್ಲ್ ಎಂಬಾತ ಚಿಪ್ಪಿಗೆ ಪ್ರೋಗ್ರಾಂ ತುಂಬುವ ಯುಎಸ್‌ಬಿಎಎಸ್‌ಪಿ ಎಂಬ ಸಾಧನವನ್ನು ರೂಪಿಸಿ, ವಿನ್ಯಾಸವನ್ನು ಎಲ್ಲರಿಗೂ ಕೊಟ್ಟ. ಆಸ್ಟ್ರೇಲಿಯಾದ ಡೀನ್ ಕ್ಯಾಮೆರಾ, ಯುಎಸ್‌ಬಿ ಉಳ್ಳ ಎವಿಆರ್ ಚಿಪ್‌ಗಳಿಗಾಗಿ ಲುಫಾ ಬರೆದ. ತಯಾರಕರೂ ಹಿಂದೆ ಉಳಿಯಲಿಲ್ಲ. ಪವಯಿಯ ಐಐಟಿ ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಬಳಸಿದ ಪಿಟಿ-51 ಬೋರ್ಡಿನ ಚಿಪ್ಪಿನಲ್ಲಿ ಯುಎಸ್‌ಬಿ ಅಡಕವಾಗಿಯೇ ಇತ್ತು. ಪ್ರೋಗ್ರಾಂ ತುಂಬಲು ಚಿಪ್ ತಯಾರಕರದೇ ಉಚಿತ ತಂತ್ರಾಂಶವಿತ್ತು.

ಅಂದು ನಾವು ಕೆಲವು ನೂರು ರೂಪಾಯಿ ಕೊಟ್ಟು ಕೊಂಡದ್ದು ಫಿಶ್ಲ್‌ನ ವಿನ್ಯಾಸದ್ದೇ ಒಂದು ಪ್ರತಿ. ಪೊಟ್ಟಣದ ಮೇಲೆ ಅವನ ಹೆಸರಿರಲಿಲ್ಲ. ಉಚಿತವಾಗಿ ಸಿಕ್ಕದ್ದು ಋಣವಿಲ್ಲದ್ದೆಂದು ನಾವು ಭಾವಿಸಿಬಿಡುತ್ತೇವೆ. ಯಾರದೋ ವರ್ಷಗಳ ದುಡಿಮೆ ಹೀಗೆ ಹೆಸರಿಲ್ಲದ ಸರಕಾಗುತ್ತದೆ.

ಕನ್ನಡಿಗರಿಗೆ ಈ ಋಣ ಹೊಸದಲ್ಲ. ಇದೇ ಮುಂಬಯಿಯಲ್ಲಿ ದುಡಿದಿದ್ದ ಕಿನ್ನಿಕಂಬಳ ಪದ್ಮನಾಭ ರಾಯರು ತಮ್ಮ 'ಸೇಡಿಯಾಪು' ತಂತ್ರಾಂಶವನ್ನು ಕನ್ನಡಕ್ಕೆ ಉಚಿತವಾಗಿಯೇ ಕೊಟ್ಟರು. ಅವರ ಕೀಲಿಮಣೆ ವಿನ್ಯಾಸದ ಮೇಲೆ ಬೆರಳಾಡಿಸುವ ಎಷ್ಟು ಮಂದಿಗೆ ಅವರ ಹೆಸರು ಗೊತ್ತು?

ಅಕ್ಕನ ಮಗ ತನ್ನ ಪ್ರಾಜೆಕ್ಟ್ ವರದಿಯ ಕೃತಜ್ಞತೆಯ ಪುಟದಲ್ಲಿ ಫಿಶ್ಲ್‌ನ ಹೆಸರನ್ನು ಸೇರಿಸಿದ. ರಾಯರ ಕೀಲಿಮಣೆಯಲ್ಲೇ ಮೂಡಿದ ಈ ಲೇಖನದಲ್ಲಿ ನಾನು ಅವರನ್ನು ನೆನೆಯುತ್ತಿದ್ದೇನೆ.