ಹೆಸರು ಗುತ್ತಿಯದು, ಮನೆ ನಲ್ಲಮಲದ್ದು

ಬಳ್ಳಾರಿಯಿಂದ ಪೂರ್ವಕ್ಕೆ ಹೊರಟು ಗುಂತಕಲ್ ಜಂಕ್ಷನ್ ದಾಟಿದರೆ ಸ್ವಲ್ಪ ಹೊತ್ತಿನಲ್ಲೇ ಗುತ್ತಿ ಸಿಗುತ್ತದೆ. ಆಂಧ್ರದ ಅನಂತಪುರ ಜಿಲ್ಲೆಯ ಈ ಊರು ಕನ್ನಡಿಗರಿಗೆ ಹೊಸದಲ್ಲ. ಅಲ್ಲಿನ ಬೆಟ್ಟದ ಕೋಟೆ ವಿಜಯನಗರದ ಅರಸರ ಕೈಯಲ್ಲಿತ್ತು. ಬಳಿಕ ಮರಾಠ ಸರದಾರ ಮುರಾರಿರಾವ್ ಘೋರ್ಪಡೆಯ ನೆಲೆಯಾಯಿತು. 1776ರಲ್ಲಿ ಹೈದರಾಲಿಯ ವಶವಾಯಿತು. ಬಳ್ಳಾರಿ ಸೀಮೆಯ ಕಂದಾಯ ವ್ಯವಸ್ಥೆಯನ್ನು ರೂಪಿಸಿದ ಸರ್ ಥಾಮಸ್ ಮನ್ರೋ 1827ರಲ್ಲಿ ಪತ್ತಿಕೊಂಡದಲ್ಲಿ ತೀರಿಕೊಂಡಾಗ ಅವನ ದೇಹವನ್ನು ಮೊದಲು ಸಮಾಧಿ ಮಾಡಿದ್ದು ಗುತ್ತಿಯಲ್ಲೇ.

ಆದರೆ ಇಂದು ಲಂಡನ್, ಬರ್ಲಿನ್, ನ್ಯೂಯಾರ್ಕ್‌ಗಳಲ್ಲಿ ಗುತ್ತಿಯ ಹೆಸರು ಬಲ್ಲವರನ್ನು ಕೇಳಿದರೆ ಅವರು ಕೋಟೆಯ ಮಾತನ್ನಾಗಲೀ ಮನ್ರೋನ ಮಾತನ್ನಾಗಲೀ ಎತ್ತುವುದಿಲ್ಲ. ಅವರಿಗೆ ಗೊತ್ತಿರುವುದು ಒಂದು ಜೇಡ. ಅಂಗೈ ಮೀರಿ ಕಾಲು ಚಾಚುವ, ನೀಲಮಣಿಯಂತೆ ಹೊಳೆಯುವ ಜೇಡ. ಸೋಜಿಗವೆಂದರೆ, ಆ ಜೇಡದ ತವರು ಗುತ್ತಿ ಅಲ್ಲವೇ ಅಲ್ಲ.

ದಿಮ್ಮಿಗಳ ನಡುವೆ ಕಂಡ ನೀಲಿ

19ನೆಯ ಶತಮಾನದ ಕೊನೆಯ ಮಾತು. ಗುತ್ತಿಯ ರೈಲ್ವೆ ಮರದ ಡಿಪೋದಲ್ಲಿ ವಿಚಿತ್ರವಾದ ಒಂದು ಜೇಡ ಸಿಕ್ಕಿತು. ಅದು ಲಂಡನ್ನಿಗೆ, ಬ್ರಿಟಿಷ್ ಮ್ಯೂಸಿಯಂನ ಪ್ರಾಣಿಶಾಸ್ತ್ರಜ್ಞ ರೆಜಿನಾಲ್ಡ್ ಇನ್ನೆಸ್ ಪೋಕಾಕ್‌ನ ಮೇಜಿಗೆ ತಲುಪಿತು.

ಪೋಕಾಕ್ (1863-1947) ಸಾಮಾನ್ಯನಲ್ಲ. ಭಾರತದ ಜೇಡ, ಚೇಳುಗಳನ್ನು ಕುರಿತು 1900ರಲ್ಲಿ ಹೊರಬಂದ ದೊಡ್ಡ ಗ್ರಂಥ ಅವನದು. ಮುಂದೆ ಲಂಡನ್ ಮೃಗಾಲಯದ ಮೇಲ್ವಿಚಾರಕನಾದವನೂ ಅವನೇ. 1899ರಲ್ಲಿ ಆತ ಗುತ್ತಿಯ ಜೇಡವನ್ನು ಹೊಸ ಜಾತಿಯೆಂದು ವರ್ಣಿಸಿ 'ಪೀಸಿಲೋಥೀರಿಯಾ ಮೆಟಾಲಿಕಾ' ಎಂದು ಹೆಸರಿಟ್ಟ. ಮೊದಲ ಪದಕ್ಕೆ ಗ್ರೀಕ್ ಮೂಲದಲ್ಲಿ ಚಿತ್ತಾರದ ಮೃಗ ಎಂಬ ಅರ್ಥ. ಎರಡನೆಯದು ಲೋಹದ ಹೊಳಪನ್ನು ಸೂಚಿಸುತ್ತದೆ.

ಜೇಡ ಸಿಕ್ಕಿದ ಜಾಗ ಗುತ್ತಿ ಎಂದು ದಾಖಲಾಯಿತು. ವಿಜ್ಞಾನದ ಲೆಕ್ಕದಲ್ಲಿ ಅದೇ ಅದರ ಊರಾಯಿತು. ಆಮೇಲೆ ಒಂದು ಶತಮಾನ ಕಳೆದರೂ ಆ ಜೇಡ ಮತ್ತೆ ಕಾಡಿನಲ್ಲಿ ಕಂಡ ದಾಖಲೆ ಸೇರಲಿಲ್ಲ.

ರೈಲು ಹತ್ತಿ ಬಂದ ಅತಿಥಿ

ಈ ಒಗಟು ಅರ್ಥವಾಗಬೇಕಾದರೆ ಆ ಕಾಲದ ರೈಲ್ವೆಯತ್ತ ನೋಡಬೇಕು. ಒಂದು ಮೈಲಿ ಹಳಿ ಹಾಸಲು 1,760ರಿಂದ 2,000 ಮರದ ಸ್ಲೀಪರುಗಳು ಬೇಕಾಗುತ್ತಿದ್ದವು. 1850ರ ದಶಕದಲ್ಲಿ ಮದ್ರಾಸ್ ಪ್ರಾಂತವೊಂದರಲ್ಲೇ ವರ್ಷಕ್ಕೆ 35,000 ಮರಗಳು ಸ್ಲೀಪರುಗಳಿಗಾಗಿ ನೆಲಕ್ಕುರುಳಿದವು. 1890ರ ಹೊತ್ತಿಗೆ ದೇಶದಲ್ಲಿ 25,000 ಕಿಲೋಮೀಟರಿಗೂ ಹೆಚ್ಚು ಹಳಿ ಬಿದ್ದಿತ್ತು. ಹಳಿ ಮುಂದೆ ಹೋದಂತೆ ಕಾಡು ಹಿಂದೆ ಸರಿಯಿತು.

ಗುತ್ತಿಯಿಂದ ಈಶಾನ್ಯಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ ಪೂರ್ವಘಟ್ಟದ ನಲ್ಲಮಲ ಬೆಟ್ಟಸಾಲು ಇದೆ. ಬೇಸಿಗೆಯಲ್ಲಿ ಎಲೆ ಉದುರಿಸುವ ಒಣ ಕಾಡು ಅದು. ಆ ಶತಮಾನದ ಕೊನೆಯ ದಶಕಗಳಲ್ಲಿ ಗುಂತಕಲ್‌ನಿಂದ ನಂದ್ಯಾಲ, ಗಿದ್ದಲೂರುಗಳ ಮೂಲಕ ಬೆಜವಾಡದ ಕಡೆಗೆ ಮೀಟರ್‌ಗೇಜ್ ಹಳಿ ಬಿದ್ದದ್ದು ಇದೇ ಬೆಟ್ಟಗಳನ್ನು ಸೀಳಿಕೊಂಡು. ಈ ಮಾರ್ಗದಲ್ಲಿ ರೈಲು ಓಡಿಸಿದ ಸದರನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ನಮ್ಮ ಧಾರವಾಡದಲ್ಲಿತ್ತು.

ಈ ಜೇಡ ನೆಲದಲ್ಲಿ ಬಿಲ ತೋಡುವುದಿಲ್ಲ. ಎತ್ತರದ ಮರಗಳ ಪೊಟರೆಯೇ ಅದರ ಮನೆ. ಪೊಟರೆಯ ಬಾಯಿಗೆ ಓರೆಕೋರೆಯಾದ ಆಲಿಕೆಯಂತೆ ಬಲೆ ಹೆಣೆದು, ಹಗಲೆಲ್ಲ ಒಳಗೆ ಅಡಗಿದ್ದು, ಕತ್ತಲಾದ ಮೇಲೆ ಹುಳುಹುಪ್ಪಟೆ ಹಿಡಿಯುತ್ತದೆ. ಕೊಡಲಿ ಬಿದ್ದ ಮರದ ಪೊಟರೆಯಲ್ಲಿದ್ದ ಜೇಡ ದಿಮ್ಮಿಯೊಂದಿಗೇ ರೈಲು ಹತ್ತಿ, ಗುತ್ತಿಯ ಡಿಪೋದಲ್ಲಿ ಇಳಿದಿರಬೇಕು ಎನ್ನುವುದು ತಜ್ಞರ ತರ್ಕ. ಮರ ಕಡಿಯದಿದ್ದರೆ ಪೋಕಾಕ್‌ಗೆ ಜೇಡ ಸಿಗುತ್ತಿರಲಿಲ್ಲ. ಮರ ಕಡಿದದ್ದರಿಂದಲೇ ಜೇಡಕ್ಕೆ ಮನೆ ಇಲ್ಲವಾಯಿತು. ಅದರ ಪರಿಚಯ ಮತ್ತು ಅದರ ಸಂಕಟ ಎರಡೂ ಒಂದೇ ಗಾಡಿಯಲ್ಲಿ ಬಂದವು.

102 ವರ್ಷಗಳ ಬಳಿಕ

2001ರಲ್ಲಿ, ಅಂದರೆ ಪೋಕಾಕ್ ಹೆಸರಿಟ್ಟ 102 ವರ್ಷಗಳ ಮೇಲೆ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಣ ಕಾಡಿನಲ್ಲಿ ನೀಲಿ ಜೇಡ ಮತ್ತೆ ಕಣ್ಣಿಗೆ ಬಿತ್ತು. ಕೇವಲ ವಸ್ತುಸಂಗ್ರಹಾಲಯದ ಮಾದರಿಯಾಗಿ ಉಳಿದಿದ್ದ ಪ್ರಾಣಿ ಜೀವಂತವಾಗಿದೆ ಎಂಬುದು ಖಚಿತವಾಯಿತು. ಅದರ ನಿಜವಾದ ಊರು ಯಾವುದೆಂಬುದೂ ಆಗ ತಿಳಿಯಿತು.

ಇಷ್ಟು ಎದ್ದುಕಾಣುವ ಬಣ್ಣದ ಪ್ರಾಣಿ ಇಷ್ಟು ಕಾಲ ಹೇಗೆ ತಪ್ಪಿಸಿಕೊಂಡಿತು? ಉತ್ತರ ಅದರ ಸ್ವಭಾವದಲ್ಲಿದೆ. ಇದು ಬಹಳ ಪುಕ್ಕಲು. ಬೆಳಕು ಬಿದ್ದೊಡನೆ ಮಿಂಚಿನಂತೆ ಪೊಟರೆಯೊಳಕ್ಕೆ ನುಗ್ಗುತ್ತದೆ. ರಾತ್ರಿ ಲಾಟೀನು ಹಿಡಿದು ಹೋದವರಿಗೆ ಕಾಣಿಸುವುದು ಖಾಲಿ ಮರ. ಕಚ್ಚುವುದಕ್ಕಿಂತ ಓಡುವುದೇ ಇದಕ್ಕೆ ಇಷ್ಟ. ಕಚ್ಚಿದರೆ ಮಾತ್ರ ನೋವು ಹೆಚ್ಚು. ಸ್ನಾಯುಗಳ ಸೆಳೆತ ಕೆಲವು ದಿನ ಕಾಡಬಹುದು.

ಇನ್ನೊಂದು ವಿಶೇಷವೂ ಉಂಟು. ಜೇಡಗಳು ಸಾಮಾನ್ಯವಾಗಿ ಒಂಟಿ ಜೀವಿಗಳು. ಈ ಕುಲದ ಜೇಡಗಳು ಹಾಗಲ್ಲ. ಪೊಟರೆಗಳ ಕೊರತೆಯಾದರೆ ಹಲವು ಜೇಡಗಳು ಒಂದೇ ಮರದಲ್ಲಿ ಹೊಂದಿಕೊಂಡು ಬಾಳುತ್ತವೆ. ಆದರೆ ಆ ಹೊಂದಾಣಿಕೆಗೂ ಹಳೆಯ ಮರವೊಂದು ಉಳಿದಿರಬೇಕು. ಎಳೆಯ ಮರದಲ್ಲಿ ಪೊಟರೆ ಇರುವುದಿಲ್ಲ.

ಬಣ್ಣವಿಲ್ಲದ ನೀಲಿ

ಮೈಮೇಲಿನ ನೀಲಿಗೆ ಯಾವುದೇ ಬಣ್ಣದ ದ್ರವ್ಯ ಕಾರಣವಲ್ಲ. ನವಿಲುಗರಿಯಲ್ಲಿರುವಂತೆ, ಮಿಂಚುಳ್ಳಿಯ ರೆಕ್ಕೆಯಲ್ಲಿರುವಂತೆ, ಇಲ್ಲಿಯೂ ರೋಮಗಳ ಅತಿ ಸೂಕ್ಷ್ಮ ರಚನೆ ಬೆಳಕನ್ನು ಪ್ರತಿಫಲಿಸಿ ನೀಲಿಯನ್ನು ಉಂಟುಮಾಡುತ್ತದೆ. ಈ ಬಗೆಯ ದೊಡ್ಡ ಜೇಡಗಳಲ್ಲಿ ನೀಲಿ ಬಣ್ಣ ವಿಕಾಸದ ಹಾದಿಯಲ್ಲಿ ಕನಿಷ್ಠ ಎಂಟು ಬಾರಿ ಬೇರೆಬೇರೆಯಾಗಿ ಮೂಡಿದೆ ಎಂದು 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ರಚನೆ ಬೇರೆಯಾದರೂ ನೀಲಿ ಮಾತ್ರ ಹೆಚ್ಚುಕಡಿಮೆ ಒಂದೇ. ಈ ಜೇಡಗಳ ದೃಷ್ಟಿ ಮಂದ. ಹಾಗಾಗಿ ಆ ಬಣ್ಣ ಸಂಗಾತಿಯನ್ನು ಸೆಳೆಯಲಿಕ್ಕೆ ಹುಟ್ಟಿದ್ದಲ್ಲ ಎಂದು ವಿಜ್ಞಾನಿಗಳು ಅಭಿಪ್ರಾಯಪಟ್ಟರು.

ಜೇಡವನ್ನು ಸೆಳೆಯದ ಆ ಬಣ್ಣ ಮನುಷ್ಯನನ್ನು ಸೆಳೆಯಿತು. ಐರೋಪ್ಯ ದೇಶಗಳಲ್ಲಿ, ಅಮೆರಿಕದಲ್ಲಿ ದೊಡ್ಡ ಜೇಡಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಹವ್ಯಾಸಿಗಳು ಬಹಳ ಮಂದಿ. ನೀಲಿ ಜೇಡಕ್ಕೆ ಅವರ ನಡುವೆ ಭಾರಿ ಬೇಡಿಕೆ ಬಂತು. ಅಲ್ಲಿ 'ಗುತ್ತಿಯ ನೀಲಮಣಿ' ಎಂಬ ಹೆಸರಿನಲ್ಲಿ ಅದು ಮಾರಾಟವಾಗತೊಡಗಿತು. ಕ್ರಮೇಣ ಅಲ್ಲಿಯೇ ಮರಿ ಮಾಡಿಸಿ ಮಾರುವುದೂ ರೂಢಿಯಾಯಿತು. ಗಾಜಿನ ಪೆಟ್ಟಿಗೆಗಳಲ್ಲಿ ಸಂತತಿ ಹೆಚ್ಚಿತು. ತವರಿನ ಕಾಡಿನಲ್ಲಿ ನೆಲೆ ಕಿರಿದಾಯಿತು.

ಕಾನೂನಿನ ಕಣ್ಣಿಗೆ

2008ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಈ ಜೇಡವನ್ನು ವಿನಾಶದ ತೀರಾ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಆ ಹೊತ್ತಿಗೆ ತಿಳಿದಿದ್ದ ಅದರ ನೆಲೆಯ ವಿಸ್ತಾರ 100 ಚದರ ಕಿಲೋಮೀಟರಿಗಿಂತ ಕಡಿಮೆ. ಅದೂ ಸೌದೆಗೆ, ಮರಮುಟ್ಟಿಗೆ ಜನ ನಿತ್ಯ ಎಡತಾಕುವ ಕಾಡು. ಹುಲಿಯಂತೆ ಇದಕ್ಕಾಗಿ ಯೋಜನೆಗಳಿಲ್ಲ, ಆನೆಯಂತೆ ಇದಕ್ಕೆ ಪೂಜೆಯೂ ಇಲ್ಲ. ಜೇಡ ಕಂಡರೆ ಪೊರಕೆ ಎತ್ತುವುದೇ ಹೆಚ್ಚಿನ ಮನೆಗಳ ಪದ್ಧತಿ.

ಈ ಕುಲದ ಜೇಡಗಳು ಜಗತ್ತಿನಲ್ಲಿ ಇರುವುದು ಭಾರತ ಮತ್ತು ಶ್ರೀಲಂಕಾಗಳಲ್ಲಿ ಮಾತ್ರ. ಕರ್ನಾಟಕದ ಕಾಡುಗಳಲ್ಲೂ ಇದರ ಬಂಧುಗಳಿವೆ. ಅವುಗಳಲ್ಲೊಂದು ಹೊರದೇಶದ ಹವ್ಯಾಸಿಗಳ ನಡುವೆ ಮೈಸೂರಿನ ಹೆಸರಿನಿಂದಲೇ ಪರಿಚಿತ. 2019ರಲ್ಲಿ ಜಿನೀವಾದಲ್ಲಿ ಸೇರಿದ ಸೈಟಿಸ್ ಒಪ್ಪಂದದ ರಾಷ್ಟ್ರಗಳ ಸಭೆ, ಶ್ರೀಲಂಕಾ ಮತ್ತು ಅಮೆರಿಕ ಮಂಡಿಸಿದ ಪ್ರಸ್ತಾವವನ್ನು ಒಪ್ಪಿ, ಇಡೀ ಕುಲವನ್ನು ತನ್ನ ಎರಡನೆಯ ಪಟ್ಟಿಗೆ ಸೇರಿಸಿತು. ಅಂದಿನಿಂದ ಪರವಾನಗಿ ಇಲ್ಲದೆ ಇವುಗಳನ್ನು ಗಡಿ ದಾಟಿಸುವಂತಿಲ್ಲ. 2022ರಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಆದ ತಿದ್ದುಪಡಿ ಸೈಟಿಸ್ ಪಟ್ಟಿಯ ಪ್ರಾಣಿಗಳನ್ನು ದೇಶದ ಕಾನೂನಿನ ಕಕ್ಷೆಗೂ ತಂದಿತು.

ಆದರೆ ಪರವಾನಗಿಯ ಕಾಗದ ಸಾಗಾಟವನ್ನು ತಡೆಯಬಹುದೇ ಹೊರತು ಕೊಡಲಿಯನ್ನಲ್ಲ. ಹೆಣ್ಣು ಜೇಡ 11-12 ವರ್ಷ ಬಾಳುತ್ತದೆ, ಗಂಡು ಮೂರು ನಾಲ್ಕು ವರ್ಷ. ಪೊಟರೆ ಬೀಳುವಷ್ಟು ಮರ ಬಲಿಯಲು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಕಾಲ ಬೇಕು.

ಹೆಸರಿನ ಪಾಡು

ಇಂಥ ದೊಡ್ಡ ರೋಮದ ಜೇಡಗಳನ್ನೆಲ್ಲ ಇಂದು 'ಟ್ಯಾರಂಟುಲಾ' ಎನ್ನುತ್ತಾರೆ. ಆ ಹೆಸರಿನದೂ ಇದೇ ಪಾಡು. ಅದು ಹುಟ್ಟಿದ್ದು ಇಟಲಿಯ ಟರಾಂಟೊ ಊರಿನಿಂದ. ಅಲ್ಲಿ ಅದು ಸೂಚಿಸುತ್ತಿದ್ದುದು ತೋಳ ಜೇಡವೆಂಬ ಬೇರೆಯೇ ಕುಟುಂಬದ ಪ್ರಾಣಿಯನ್ನು. ಅದು ಕಚ್ಚಿದರೆ ಬಿಡದೆ ಕುಣಿಯಬೇಕೆಂಬ ನಂಬಿಕೆ ಅಲ್ಲಿನ ಜನರಲ್ಲಿತ್ತು. ಐರೋಪ್ಯರು ಕಡಲು ದಾಟಿ ಅಮೆರಿಕ ಸೇರಿದಾಗ ಅಲ್ಲಿ ಕಂಡ ದೊಡ್ಡ ಜೇಡಗಳಿಗೂ ಅದೇ ಹೆಸರು ಅಂಟಿತು. ಹೀಗೆ ಗುತ್ತಿಯದಲ್ಲದ ಗುತ್ತಿಯ ಜೇಡಕ್ಕೆ ಟರಾಂಟೊ ಊರಿನದಲ್ಲದ ಟರಾಂಟೊದ ಹೆಸರೂ ಸೇರಿಕೊಂಡಿದೆ.

ಹೆಸರು ತಪ್ಪಿದರೆ ಜೇಡಕ್ಕೇನೂ ನಷ್ಟವಿಲ್ಲ. ಊರು ತಪ್ಪಿದ್ದರಿಂದ ಮಾತ್ರ ನಷ್ಟವಾಯಿತು. ಗುತ್ತಿಯ ಜೇಡವೆಂದು ನಂಬಿದ್ದ ಆ ನೂರು ವರ್ಷಗಳಲ್ಲಿ ಇಂಥದೊಂದು ಜೀವ ನಲ್ಲಮಲದಲ್ಲಿದೆ ಎಂದು ಕಾಡು ಕಾಯುವವರಿಗೂ ಕಡಿಯುವವರಿಗೂ ತಿಳಿದಿರಲಿಲ್ಲ. ಇಂದು ತಿಳಿದಿದೆ. ನಂದ್ಯಾಲದಿಂದ ಗಿದ್ದಲೂರಿನ ಕಡೆಗೆ ರೈಲು ಈಗಲೂ ಅದೇ ಬೆಟ್ಟಗಳ ನಡುವೆ ಓಡುತ್ತದೆ. ಈಗ ಹಳಿಗೆ ಮರದ ಸ್ಲೀಪರ್ ಬೇಕಿಲ್ಲ, ಕಾಂಕ್ರೀಟಿನದೇ ಸಾಕು. ಕಿಟಕಿಯಾಚೆ ಕಾಣುವ ಹಳೆಯ ಮರಗಳಲ್ಲಿ ಯಾವುದರ ಪೊಟರೆಯಲ್ಲಿ ನೀಲಿ ಜೇಡ ಕತ್ತಲಿಗಾಗಿ ಕಾದು ಕುಳಿತಿದೆಯೋ, ರೈಲಿನಲ್ಲಿ ಹೋಗುವವರಿಗೆ ಕಾಣಿಸುವುದಿಲ್ಲ. ಕಾಣಿಸಬೇಕಾದ್ದೂ ಇಲ್ಲ. ಆ ಮರ ಅಲ್ಲಿ ನಿಂತಿದ್ದರಾಯಿತು.